ಹೈಸ್ಕೂಲ್ ಮೈದಾನದ ಎಕ್ಸ್‌ಪೋ: ನಾನು ನೋಡಿದ್ದು, ಕೊಂಡಿದ್ದು

ದಾವಣಗೆರೆಯಲ್ಲಿ ನಮ್ಮದೊಂದು ಸಣ್ಣ ಪ್ರಿಂಟಿಂಗ್ ಪ್ರೆಸ್. ಮೊದಲೆಲ್ಲ ಕರಪತ್ರಕ್ಕೆ 'ವಸ್ತು ಪ್ರದರ್ಶನ ಮತ್ತು ಮಾರಾಟ' ಅಂತ ಅಚ್ಚಿನ ಮೊಳೆ ಜೋಡಿಸುತ್ತಿದ್ದೆವು. ಈಗ ಬರುವ ಪಾರ್ಟಿಗಳಿಗೆ 'ಎಕ್ಸ್‌ಪೋ' ಅಂತಲೇ ಬೇಕು. ಭಾನುವಾರ ಹೈಸ್ಕೂಲ್ ಮೈದಾನದಲ್ಲಿ ಅಂಥದ್ದೊಂದಕ್ಕೆ ಹೋಗಿದ್ದೆವು. ತಲೆಗೆ 30 ರೂಪಾಯಿ ಟಿಕೆಟ್. ಗೇಟಲ್ಲೇ ಹೆಂಡತಿ ಕೇಳಿದಳು, "ರೀ, ಎಕ್ಸ್‌ಪೋ ಅಂದ್ರೆ ಎಕ್ಸ್‌ಪೋರ್ಟ್ ಮಾಲಾ?"

ಅಲ್ಲ. ಅದು ಎಕ್ಸ್‌ಪೊಸಿಷನ್ ಅನ್ನುವ ಪದದ ಮೋಟು ರೂಪ. ಫ್ರೆಂಚ್‌ನಲ್ಲಿ ಪ್ರದರ್ಶನಕ್ಕೆ ಅದೇ ಹೆಸರು. ಬೇರು ಲ್ಯಾಟಿನ್‌ನದು: ಎಕ್ಸ್ ಅಂದರೆ ಹೊರಗೆ, ಪೊನೆರೆ ಅಂದರೆ ಇಡುವುದು. ಎಕ್ಸ್‌ಪೋರ್ಟ್‌ನಲ್ಲೂ ಅದೇ ಎಕ್ಸ್ ಇದೆ, ಆದರೆ ಅಲ್ಲಿ ಹೊರಗೆ ಹೊತ್ತುಕೊಂಡು ಹೋಗುವುದು. ಲಂಡನ್ 1851ರಲ್ಲಿ ಗಾಜಿನ ಅರಮನೆ ಕಟ್ಟಿ ದೇಶದೇಶಗಳ ಸಾಮಾನು ಜೋಡಿಸಿತ್ತು. 1855ರಲ್ಲಿ ಪ್ಯಾರಿಸ್ ತನ್ನ ಮೇಳವನ್ನು ಎಕ್ಸ್‌ಪೊಸಿಷನ್ ಅಂತ ಕರೆಯಿತು. ಐಫೆಲ್ ಟವರ್ ಕೂಡ 1889ರ ಅಂಥ ಮೇಳಕ್ಕೇ ಕಟ್ಟಿದ್ದು. 1967ರ ಮಾಂಟ್ರಿಯಲ್ ಮೇಳ 'ಎಕ್ಸ್‌ಪೋ 67' ಅಂತಲೇ ಹೆಸರಾಯಿತು.

ಎಕ್ಸ್‌ಪೋ ಅಂದಮೇಲೆ ಹೊರಗೆ ತಂದು ಇಡಬೇಕು, ಅಲ್ವಾ? ಮಿಕ್ಸಿ ಮಳಿಗೆಯವನು ಡಬ್ಬಿಯನ್ನೇ ಬಿಚ್ಚಲಿಲ್ಲ. "ಮನೆಗೆ ಹೋಗಿ ನೋಡಿ ಸಾರ್" ಅಂದ. ನಾವು ತಗೊಳ್ಳಲಿಲ್ಲ. ಸೋಫಾ ಮಳಿಗೆಗಳು ಜಾಸ್ತಿ, ಒಂದೇ ಥರ.

ಕೊನೆ ಸಾಲಿನಲ್ಲಿ ಚಳ್ಳಕೆರೆ ಕಡೆಯ ಕಂಬಳಿಯವರು ಕೂತಿದ್ದರು. ನೆಲದಲ್ಲಿ ಗುಂಡಿ ತೋಡಿ ಕೂರಿಸುವ ಗುಂಡಿ ಮಗ್ಗ ತರಲು ಆಗುವುದಿಲ್ಲವಲ್ಲ, ಅದಕ್ಕೆ ಬಿಡಿ ಉಣ್ಣೆ, ನೂತ ನೂಲಿನ ಉಂಡೆ, ಬಟ್ಟಲಲ್ಲಿ ಹುಣಸೆಬೀಜದ ಗಂಜಿ ಇಟ್ಟಿದ್ದರು. ಹಾಸಿನ ನೂಲಿಗೆ, ಅಂದರೆ ಮಗ್ಗದಲ್ಲಿ ಉದ್ದಕ್ಕೆ ಬಿಗಿಯುವ ಎಳೆಗೆ, ಆ ಗಂಜಿ ಹಚ್ಚಿದರೆ ಎಳೆ ಗಟ್ಟಿಯಾಗುತ್ತದೆ, ನೇಯುವಾಗ ಕಿತ್ತು ಬರುವುದಿಲ್ಲ. ಅವರಲ್ಲೊಬ್ಬ ಅಜ್ಜ, ಗಂಜಿ ಹಚ್ಚಿದ ಒಂದು ಎಳೆ, ಹಚ್ಚದ ಒಂದು ಎಳೆ ಕೊಟ್ಟು "ಎಳದು ನೋಡಪ್ಪ" ಅಂದರು. ಹಚ್ಚದ್ದು ಬೆರಳಲ್ಲೇ ಬಿಚ್ಚಿಕೊಂಡಿತು. ಇನ್ನೊಂದು ತಂತಿಯ ಹಾಗೆ ನಿಂತಿತು. ಕರಿ ಕಂಬಳಿಯೊಂದು ತಗೊಂಡೆ, 1,800 ರೂಪಾಯಿ. ಚೌಕಾಸಿ ಮಾಡಲು ಮನಸ್ಸು ಬರಲಿಲ್ಲ. ಮೊದಮೊದಲು ಚುಚ್ಚುತ್ತದೆ, ಬಳಸುತ್ತಾ ಮೆತ್ತಗಾಗುತ್ತದೆ ಅಂದರು.

ಊಟದ ಕಡೆ ಹೋಗಬೇಡಿ. ದೆಹಲಿ ಹಪ್ಪಳಕ್ಕೆ 50 ರೂಪಾಯಿ, ಎಣ್ಣೆ ಹಳೇದು. ಹೊರಗೆ ಬಂದು ಮಂಡಕ್ಕಿ ಮೆಣಸಿನಕಾಯಿ ತಿನ್ನಿ. ಇನ್ನೂ ಹತ್ತು ದಿನ ಇದೆ. ವಾರದ ದಿನ ಸಂಜೆ ಐದಕ್ಕೇ ಹೋದರೆ ರಶ್ ಇರುವುದಿಲ್ಲ, ಅಜ್ಜನಿಗೂ ಮಾತಾಡಲು ಪುರುಸೊತ್ತು ಇರುತ್ತದೆ.