ಜನರೇಟ್ ಆದ ಕೋಡ್ ಕೈಕೊಟ್ಟಾಗ: ನಾಲ್ಕು ಡಿಎಸ್‌ಎಲ್ ಫ್ರೇಮ್‌ವರ್ಕ್‌ಗಳಲ್ಲಿ ನಾನು ಲ್ಯಾಂಗಿಯಂ ಹಿಡಿದದ್ದೇಕೆ

ಡಿಎಸ್‌ಎಲ್ ಎಂದರೆ ಒಂದೇ ಬಗೆಯ ಕೆಲಸಕ್ಕೆಂದು ಮಾಡಿಕೊಂಡ ಪುಟ್ಟ ಭಾಷೆ, ಲ್ಯಾಂಗಿಯಂ ಅಂಥ ಭಾಷೆ ಕಟ್ಟುವ ಫ್ರೇಮ್‌ವರ್ಕ್. ಅದಕ್ಕೆ ಬದಲಾಯಿಸಿಕೊಂಡದ್ದು ಒಳ್ಳೆಯದೇ ಆಯಿತು ಎಂದು ಮೊದಲೇ ಹೇಳಿಬಿಡುತ್ತೇನೆ. ಮುಂದಿನದ್ದೆಲ್ಲ ಆ ಒಲವಿನಿಂದಲೇ ಬರೆದದ್ದು. ತಕ್ಕಡಿ ಸಮವಾಗಿರಬೇಕು ಎನ್ನುವವರಿಗೆ ಇದು ಹಿಡಿಸಲಿಕ್ಕಿಲ್ಲ.

ನಮ್ಮದು ಸಣ್ಣ ತಂಡ. ಸಾಧನಗಳು ಹೇಗೆ ನಡೆದುಕೊಳ್ಳಬೇಕು ಎಂಬುದನ್ನು ಸ್ಟೇಟ್ ಮಷೀನ್ (ಯಾವ ಸ್ಥಿತಿಯಿಂದ ಯಾವಾಗ ಯಾವುದಕ್ಕೆ ಹೋಗಬೇಕು ಎಂಬ ನಕ್ಷೆ) ರೂಪದಲ್ಲಿ ಬರೆಯಲು ನಮ್ಮದೇ ಒಂದು ಪುಟ್ಟ ಭಾಷೆ ಇದೆ. ಹಾರ್ಡ್‌ವೇರ್ ಕಡೆಯವರು ಅದರಲ್ಲಿ ಮಾಡೆಲ್ ಬರೆಯುತ್ತಾರೆ, ಅದರಿಂದ ಸಿ ಕೋಡ್ ಜನರೇಟ್ ಆಗುತ್ತದೆ. ಬಹಳ ಕಾಲ ಇದು ಎಕ್ಲಿಪ್ಸ್‌ನ ಎಕ್ಸ್‌ಟೆಕ್ಸ್ಟ್ ಮೇಲೆ ಓಡಿತು. ಹೊಸದಾಗಿ ಕಟ್ಟುವ ಅವಕಾಶ ಸಿಕ್ಕಾಗ ಅದೇ ಭಾಷೆಯನ್ನು ಟೈಪ್‌ಸ್ಕ್ರಿಪ್ಟ್‌ನ ಲ್ಯಾಂಗಿಯಂ, ಪೈಥಾನ್‌ನ ಟೆಕ್ಸ್ಟ್‌ಎಕ್ಸ್ (ಜೊತೆಗೆ ಔಟ್‌ಪುಟ್ ಕೋಡಿನ ಅಚ್ಚು ಬರೆಯಲು ಜಿಂಜಾ2 ಟೆಂಪ್ಲೇಟ್) ಮತ್ತು ಜೆಟ್‌ಬ್ರೇನ್ಸ್‌ನ ಎಂಪಿಎಸ್ ಮೂರರಲ್ಲೂ ಮಾಡಿ ನೋಡಿದೆ.

ಗ್ರಾಮರ್, ಬಣ್ಣ ಹಚ್ಚುವುದು, ಆಟೋಕಂಪ್ಲೀಟ್ ಎಲ್ಲ ಬಿಡಿ, ನಾಲ್ಕರಲ್ಲೂ ಒಂದಲ್ಲ ಒಂದು ರೀತಿಯಲ್ಲಿ ಸಿಗುತ್ತದೆ. ನಾಲ್ಕೂ ಓಪನ್ ಸೋರ್ಸ್, ಹಾಗಾಗಿ ಲೈಸೆನ್ಸ್ ದುಡ್ಡಿನ ಲೆಕ್ಕವೂ ಇಲ್ಲ. ನನಗೆ ಬೇಕಿದ್ದದ್ದು ಒಂದೇ ಪ್ರಶ್ನೆಗೆ ಉತ್ತರ: ಬಂದ ಕೋಡ್ ತಪ್ಪಾಗಿದ್ದರೆ, ತಪ್ಪು ಎಲ್ಲಿದೆ ಎಂದು ಹುಡುಕಲು ಎಷ್ಟು ಹೊತ್ತು ಬೇಕು?

ಮಾಡೆಲ್‌ನಲ್ಲಿ ಬರೆಯದೇ ಬಿಟ್ಟದ್ದು ಕೋಡ್‌ನಲ್ಲಿ ಏನಾಗುತ್ತದೆ

ನನ್ನ ತಲೆ ತಿಂದದ್ದು ಇದೇ. ನಮ್ಮ ಭಾಷೆಯಲ್ಲಿ ಪ್ರತಿ ಸ್ಟೇಟ್‌ಗೂ ಟೈಮ್‌ಔಟ್ ಕೊಡಬಹುದು, ಕೊಡದೆಯೂ ಇರಬಹುದು. ಕೊಡದಿದ್ದರೆ 'ಈವೆಂಟ್ ಬರುವವರೆಗೂ ಕಾಯಿ' ಎಂದರ್ಥ. ಟೈಮ್‌ಔಟ್ 0 ಎಂದು ಬರೆದರೆ 'ಕಾಯಲೇಬೇಡ, ತಕ್ಷಣ ಮುಂದೆ ಹೋಗು'. ಎರಡಕ್ಕೂ ಅಜಗಜಾಂತರ. ಮಾಡೆಲ್‌ನಲ್ಲಿ ಟೈಮ್‌ಔಟ್ ಸಾಲೇ ಇಲ್ಲದ ಸ್ಟೇಟ್‌ಗೆ ಜನರೇಟ್ ಆದ ಕೋಡ್‌ನಲ್ಲಿ ಟೈಮರ್ ಶುರು ಮಾಡುವ ಕರೆ ಬಂದಿರುತ್ತದೆ, ಅದರ ಎರಡನೇ ಆರ್ಗ್ಯುಮೆಂಟ್ 0. ಸಿ ಕಂಪೈಲರ್‌ಗೆ ಅದರಲ್ಲಿ ತಪ್ಪೇನೂ ಕಾಣದು, ಟೆಸ್ಟ್ ಬೆಂಚಿನಲ್ಲೂ ಹೆಚ್ಚಿನ ಸಲ ಗೊತ್ತಾಗದು. ಕಾಯಬೇಕಾದ ಸಾಧನ ಕಾಯದೆ ಹಾರಿ ಹೋಗುತ್ತದೆ, ಬೈಗುಳ ಬರುವುದು ಟೆಂಪ್ಲೇಟ್ ಬರೆದವರಿಗೆ.

ಕಾರಣ ಟೆಂಪ್ಲೇಟ್‌ಗಿಂತ ಕೆಳಗಿದೆ. ಎಕ್ಸ್‌ಟೆಕ್ಸ್ಟ್ ನಿಂತಿರುವುದು ಇಎಂಎಫ್ ಎಂಬ ಎಕ್ಲಿಪ್ಸ್‌ನ ಮಾಡೆಲ್ ಲೈಬ್ರರಿ ಮೇಲೆ. ಗ್ರಾಮರ್‌ನಲ್ಲಿ ಪೂರ್ಣಾಂಕ ಎಂದು ಬರೆದ ಗುಣ ಅಲ್ಲಿ ಇಇಂಟ್ ಆಗುತ್ತದೆ, ಅಂದರೆ ಜಾವಾದ ಬರಿಯ ಇಂಟ್. ಅದಕ್ಕೆ 'ಏನೂ ಇಲ್ಲ' ಎಂಬ ಸ್ಥಿತಿಯೇ ಇಲ್ಲ, ಡೀಫಾಲ್ಟ್ 0. ಇಐಸ್‌ಸೆಟ್ ('ಮೌಲ್ಯ ಕೊಟ್ಟಿದೆಯೇ') ಎಂದು ಕೇಳಿ ನೋಡೋಣ ಎಂದರೆ ಅದೂ ಸಾಮಾನ್ಯವಾಗಿ ಡೀಫಾಲ್ಟ್ ಮೌಲ್ಯದ ಜೊತೆ ಹೋಲಿಸಿಯೇ ಉತ್ತರ ಕೊಡುತ್ತದೆ. ಬಳಕೆದಾರ ಖುದ್ದಾಗಿ 0 ಬರೆದಿದ್ದರೂ 'ಸೆಟ್ ಆಗಿಲ್ಲ' ಎನ್ನುತ್ತದೆ. ದಾರಿ ಇದೆ. ಆ ಟರ್ಮಿನಲ್ (ಸಂಖ್ಯೆಯನ್ನು ಗುರುತಿಸುವ ಗ್ರಾಮರ್ ನಿಯಮ) ಇಇಂಟೀಜರ್‌ಆಬ್ಜೆಕ್ಟ್ ಹಿಂದಿರುಗಿಸುವಂತೆ ಗ್ರಾಮರ್ ಬದಲಿಸಿದರೆ ಬಿಟ್ಟುಹೋದದ್ದು ನಲ್ ('ಏನೂ ಇಲ್ಲ') ಆಗಿ ಬರುತ್ತದೆ. ಆದರೆ ಅಲ್ಲಿಗೆ ಮುಗಿಯಿತು ಅಂದುಕೊಳ್ಳಬೇಡಿ. ಎಕ್ಸ್‌ಟೆಕ್ಸ್ಟ್ ಜೊತೆ ಜನರೇಟರ್ ಬರೆಯಲು ಬಳಸುವ ಎಕ್ಸ್‌ಟೆಂಡ್ ಭಾಷೆಯ ಟೆಂಪ್ಲೇಟ್ ನಲ್ ಅನ್ನು ಸದ್ದಿಲ್ಲದೆ ಖಾಲಿ ಅಕ್ಷರಮಾಲೆ ಮಾಡಿ ಬಿಡುತ್ತದೆ. ಕರೆಯಲ್ಲಿ ಅಲ್ಪವಿರಾಮದ ಮುಂದೆ ನೇರವಾಗಿ ಮುಚ್ಚುವ ಬ್ರ್ಯಾಕೆಟ್ ಬಂದು ನಿಂತರೆ ನಮ್ಮ ಪುಣ್ಯ, ಕಂಪೈಲರ್ ಬಾಯಿ ಬಿಡುತ್ತದೆ. ಅದೇ ಖಾಲಿ ಜಾಗ ಲಾಗ್ ಸಂದೇಶದ ಉದ್ಧರಣೆಯೊಳಗೆ ಬಿದ್ದರೆ ಯಾರೂ ನೋಡುವುದಿಲ್ಲ.

ಟೆಕ್ಸ್ಟ್‌ಎಕ್ಸ್‌ನಲ್ಲೂ ಇದೇ ಕಥೆ, ಬೇರೆ ವೇಷ. ಅದು ಮೂಲ ಪ್ರಕಾರದ ಗುಣಗಳಿಗೆ ತಾನೇ ಆರಂಭದ ಮೌಲ್ಯ ತುಂಬುತ್ತದೆ: ಸಂಖ್ಯೆಗೆ 0, ಅಕ್ಷರಮಾಲೆಗೆ ಖಾಲಿ. ಮೆಟಾಮಾಡೆಲ್ (ಗ್ರಾಮರ್‌ನಿಂದ ಬರುವ ಮಾಡೆಲ್‌ನ ಚೌಕಟ್ಟು) ಕಟ್ಟುವಾಗ ಆಟೋ ಇನಿಟ್ ಆಟ್ರಿಬ್ಯೂಟ್ಸ್ ಆಯ್ಕೆಯನ್ನು ಫಾಲ್ಸ್ ಮಾಡಿದರೆ None (ಪೈಥಾನ್‌ನ 'ಏನೂ ಇಲ್ಲ') ಸಿಗುತ್ತದೆ. ಆಮೇಲೆ ಜಿಂಜಾ2 ಸರದಿ. ಟೆಂಪ್ಲೇಟ್‌ನಲ್ಲಿ ಗುಣದ ಹೆಸರಿನ ಒಂದಕ್ಷರ ಹೆಚ್ಚುಕಮ್ಮಿಯಾದರೂ ಅದು ದೂರುವುದಿಲ್ಲ, ಆ ಜಾಗ ಖಾಲಿ ಬಿಟ್ಟು ಮುಂದೆ ಹೋಗುತ್ತದೆ. ಇದು ವೆಬ್ ಪುಟಗಳಿಗೆ ಹೇಳಿ ಮಾಡಿಸಿದ ಉದಾರತೆ, ಸಿ ಕೋಡ್‌ಗೆ ಅಲ್ಲ. ಸ್ಟ್ರಿಕ್ಟ್‌ಅನ್‌ಡಿಫೈನ್ಡ್ ಹಾಕಿದರೆ ಅಲ್ಲೇ ಎರರ್ ಎಸೆದು ನಿಲ್ಲುತ್ತದೆ. ಜಿಂಜಾ2ದಲ್ಲಿ ಕೋಡ್ ಜನರೇಟ್ ಮಾಡುವವರು ಬೇರೇನು ಮಾಡದಿದ್ದರೂ ಇದೊಂದನ್ನು ಮೊದಲ ದಿನವೇ ಹಾಕಿಕೊಳ್ಳಿ.

ಲ್ಯಾಂಗಿಯಂನಲ್ಲಿ ಗ್ರಾಮರ್‌ನಿಂದ ಟೈಪ್‌ಸ್ಕ್ರಿಪ್ಟ್ ಟೈಪ್‌ಗಳು ಹುಟ್ಟುತ್ತವೆ. ಐಚ್ಛಿಕ ಸಂಖ್ಯೆ ಅಲ್ಲಿ 'ಸಂಖ್ಯೆ ಅಥವಾ ಅನ್‌ಡಿಫೈನ್ಡ್'. ಬರೆಯದೇ ಬಿಟ್ಟದ್ದು ಅನ್‌ಡಿಫೈನ್ಡ್ ಆಗಿಯೇ ಉಳಿಯುತ್ತದೆ, ಬರೆದ 0 ಶೂನ್ಯವಾಗಿಯೇ. ಬೇರೆ ಸ್ಟೇಟ್‌ಗೆ ಕೈತೋರಿಸುವ ರೆಫರೆನ್ಸ್‌ನ ರೆಫ್ ಗುಣವೂ ಹಾಗೆಯೇ, ಸಿಕ್ಕದಿದ್ದರೆ ಅನ್‌ಡಿಫೈನ್ಡ್. ಸ್ಟ್ರಿಕ್ಟ್ ಮೋಡ್ ಇದ್ದರೆ ಆ ರೆಫ್‌ನಿಂದ ಹೆಸರು ತೆಗೆಯಹೋದಾಗ, ಟೈಮ್‌ಔಟನ್ನು ಸಂಖ್ಯೆ ಬೇಡುವ ಫಂಕ್ಷನ್‌ಗೆ ಕೊಡಹೋದಾಗ, ಜನರೇಟರ್ ಕಂಪೈಲ್ ಆಗುವ ಹಂತದಲ್ಲೇ ಕೆಂಪು ಗೆರೆ ಬೀಳುತ್ತದೆ. ಅಂದರೆ ಒಂದೇ ಒಂದು ಮಾಡೆಲ್ ಓಡಿಸುವ ಮೊದಲೇ 'ಇದು ಇಲ್ಲದಿದ್ದರೆ ಏನು ಮಾಡುತ್ತೀಯ' ಎಂದು ಭಾಷೆಯೇ ಕೇಳುತ್ತದೆ. ನಾನು ಲ್ಯಾಂಗಿಯಂಗೆ ಮರುಳಾದದ್ದು ಇಲ್ಲಿ.

ಅದೂ ಪೂರ್ತಿ ಸಾಧುವಲ್ಲ. ಟೈಪ್‌ಸ್ಕ್ರಿಪ್ಟ್‌ನ ಸಾದಾ ಟೆಂಪ್ಲೇಟ್ ಸಾಲಿನೊಳಗೆ ನೇರವಾಗಿ ಹಾಕಿದ ಅನ್‌ಡಿಫೈನ್ಡ್‌ಗೆ ಟೈಪ್ ಚೆಕ್ಕರ್ ಅಡ್ಡ ಬರುವುದಿಲ್ಲ, ಔಟ್‌ಪುಟ್‌ನಲ್ಲಿ ಆ ಪದವೇ ಅಚ್ಚಾಗುತ್ತದೆ. ಸಿ ಕಂಪೈಲರ್ ಅದಕ್ಕೆ ಎಡವಿ ಬೀಳುತ್ತದೆ, ಸಂತೋಷ. ಆದರೆ ಲ್ಯಾಂಗಿಯಂ ಜೊತೆಗೇ ಬರುವ ಎಕ್ಸ್‌ಪ್ಯಾಂಡ್‌ಟುಸ್ಟ್ರಿಂಗ್ ಸಹಾಯಕ ಫಂಕ್ಷನ್ ಅನ್‌ಡಿಫೈನ್ಡ್ ಅನ್ನು ನುಂಗಿ, ಸಾಲಿನಲ್ಲಿ ಬೇರೇನೂ ಇಲ್ಲದಿದ್ದರೆ ಸಾಲನ್ನೇ ಕೈಬಿಡುತ್ತದೆ. ಬೇಕೆಂದೇ ಹಾಗೆ ಮಾಡಿದ್ದಾರೆ, ಐಚ್ಛಿಕ ಸಾಲುಗಳಿಗೆ ಅನುಕೂಲ. ಹಾಗಾಗಿ ಕಡ್ಡಾಯವಾಗಿ ಇರಲೇಬೇಕಾದ ಮೌಲ್ಯಗಳನ್ನು ನಾನು ಒಂದು ಚಿಕ್ಕ ಫಂಕ್ಷನ್ ಮೂಲಕ ಹಾಯಿಸುತ್ತೇನೆ. ಮೌಲ್ಯ ಇಲ್ಲದಿದ್ದರೆ ಅದು ಮಾಡೆಲ್ ಫೈಲಿನ ಹೆಸರು, ಸಾಲಿನ ಸಂಖ್ಯೆ ಹೇಳಿ ಎರರ್ ಎಸೆಯುತ್ತದೆ. ಪ್ರತಿ ನೋಡ್‌ನೊಂದಿಗೆ (ಮಾಡೆಲ್ ಮರದ ಒಂದೊಂದು ತುಂಡು) ಅದರ ಮೂಲ ಪಠ್ಯದ ಜಾಗವೂ ಇರುವುದರಿಂದ ಇದು ಕೆಲವೇ ಸಾಲಿನ ಕೆಲಸ.

ಎಂಪಿಎಸ್‌ನಲ್ಲಿ ರೆಫರೆನ್ಸ್ ವಿಷಯದಲ್ಲಿ ಈ ತಾಪತ್ರಯ ಕಡಿಮೆ, ಏಕೆಂದರೆ ಅಲ್ಲಿ ಪಠ್ಯವನ್ನು ಪಾರ್ಸ್ ಮಾಡುವ ಹಂತವೇ ಇಲ್ಲ. ನೀವು ನೇರವಾಗಿ ಮರವನ್ನೇ ತಿದ್ದುತ್ತೀರಿ, ರೆಫರೆನ್ಸ್ ಎಂದರೆ ನೋಡ್‌ನ ಗುರುತು. ಅದರ ತೊಂದರೆಗಳು ಬೇರೆ ಕಡೆ ಇವೆ.

ನನ್ನ ಮಷೀನ್‌ನಲ್ಲಿ ಬರುತ್ತದೆ, ಬಿಲ್ಡ್ ಸರ್ವರ್‌ನಲ್ಲಿ ಬರುವುದಿಲ್ಲ

ಎಕ್ಸ್‌ಟೆಕ್ಸ್ಟ್ ಬಳಸಿದವರೆಲ್ಲ ಒಮ್ಮೆಯಾದರೂ ಈ ದೂರು ಕೇಳಿರುತ್ತಾರೆ. ಎಕ್ಲಿಪ್ಸ್ ಒಳಗೆ ಫೈಲ್ ಸೇವ್ ಮಾಡಿದಾಗ ಕೆಲಸ ಮಾಡುವುದು ಬಿಲ್ಡರ್. ಮಾಡೆಲ್‌ನಲ್ಲಿ ಎರರ್ ಇದ್ದರೆ ಅದು ಜನರೇಟರನ್ನು ಕರೆಯುವುದಿಲ್ಲ, ವಾರ್ನಿಂಗ್ ಮಾತ್ರ ಇದ್ದರೆ ಕರೆಯುತ್ತದೆ. ಕಮಾಂಡ್ ಲೈನ್‌ಗೆಂದು ಎಕ್ಸ್‌ಟೆಕ್ಸ್ಟ್ ತಯಾರಿಸಿಕೊಡುವ ಮೇನ್ ಕ್ಲಾಸ್ ತೆರೆದು ನೋಡಿ: ವ್ಯಾಲಿಡೇಟರ್ (ಮಾಡೆಲ್ ಪರೀಕ್ಷಿಸುವ ಭಾಗ) ಕೊಟ್ಟ ದೂರುಗಳ ಪಟ್ಟಿ ಖಾಲಿ ಇಲ್ಲದಿದ್ದರೆ, ಅದರಲ್ಲಿರುವುದನ್ನು ಎರರ್ ಸ್ಟ್ರೀಮ್‌ಗೆ ಅಚ್ಚು ಮಾಡಿ ಸುಮ್ಮನೆ ರಿಟರ್ನ್. ಪಟ್ಟಿಯಲ್ಲಿ ಒಂದೇ ಒಂದು ವಾರ್ನಿಂಗ್ ಇದ್ದರೂ ಸರಿ, ಕೋಡ್ ಇಲ್ಲ. ಹೀಗೆ ರಿಟರ್ನ್ ಆದ ಪ್ರೋಗ್ರಾಂನ ಎಕ್ಸಿಟ್ ಕೋಡ್ 0, ಅಂದರೆ 'ಎಲ್ಲ ಸರಿ', ಹಾಗಾಗಿ ಬಿಲ್ಡ್ ಸರ್ವರ್ ಹಸಿರು ತೋರಿಸುತ್ತದೆ. ಹಳೆಯ ಕೋಡ್ ಫೋಲ್ಡರ್‌ನಲ್ಲಿ ಉಳಿದಿದ್ದರೆ ಅದೇ ಕಂಪೈಲ್ ಆಗಿ ಹೊರಗೆ ಹೋಗುತ್ತದೆ. 'ಟೆಂಪ್ಲೇಟ್ ತಿದ್ದಿದೆ, ಬದಲಾವಣೆಯೇ ಕಾಣುತ್ತಿಲ್ಲ' ಎಂದು ಯಾರಾದರೂ ಬಂದರೆ ನಾನು ಮೊದಲು ನೋಡುವುದು ಇದನ್ನೇ.

ಲ್ಯಾಂಗಿಯಂನ ಪ್ರಾಜೆಕ್ಟ್ ಟೆಂಪ್ಲೇಟ್ ಕೊಡುವ ಕಮಾಂಡ್ ಲೈನ್ ಕೋಡ್ ಎರರ್‌ಗಳನ್ನು ಮಾತ್ರ ಸೋಸಿ, ಇದ್ದರೆ ಎಕ್ಸಿಟ್ ಕೋಡ್ 1ರೊಂದಿಗೆ ನಿಲ್ಲುತ್ತದೆ. ಇಷ್ಟೇ ವ್ಯತ್ಯಾಸ, ಆದರೆ ದಿನನಿತ್ಯ ಇದೇ ಕಾಯುವುದು.

ಬೇರೆ ಫೈಲಿನಲ್ಲಿರುವ ಸ್ಟೇಟ್ ಸಿಗುತ್ತಿಲ್ಲ ಎನ್ನುವ ದೂರು ಮಾತ್ರ ಎರಡಕ್ಕೂ ಸಮಾನ. ಎಡಿಟರ್‌ಗೆ ಇಡೀ ವರ್ಕ್‌ಸ್ಪೇಸ್ ಗೊತ್ತು, ಕಮಾಂಡ್ ಲೈನ್‌ಗೆ ನೀವು ಕೊಟ್ಟ ಒಂದು ಫೈಲು ಮಾತ್ರ ಗೊತ್ತು. ಎಕ್ಸ್‌ಟೆಕ್ಸ್ಟ್‌ನಲ್ಲಿ ಉಳಿದ ಫೈಲುಗಳನ್ನೂ ಅದೇ ರಿಸೋರ್ಸ್‌ಸೆಟ್‌ಗೆ ಲೋಡ್ ಮಾಡಬೇಕು, ಲ್ಯಾಂಗಿಯಂನಲ್ಲಿ ಎಲ್ಲ ಡಾಕ್ಯುಮೆಂಟ್‌ಗಳನ್ನೂ ಡಾಕ್ಯುಮೆಂಟ್ ಬಿಲ್ಡರ್‌ಗೆ ಕೊಡಬೇಕು. ಎಲ್ಲ ಲೋಡ್ ಆದ ಮೇಲೆಯೇ ವ್ಯಾಲಿಡೇಟ್ ಮಾಡಿ. ಒಂದೊಂದೇ ಲೋಡ್ ಮಾಡಿ ಆಗಿಂದಾಗ ಪರೀಕ್ಷಿಸಿದರೆ ಇಲ್ಲದ ಎರರ್‌ಗಳು ಹುಟ್ಟಿಕೊಳ್ಳುತ್ತವೆ. ಟೆಕ್ಸ್ಟ್‌ಎಕ್ಸ್ ಇಲ್ಲಿ ಖಡಕ್: ರೆಫರೆನ್ಸ್ ಸಿಗದಿದ್ದರೆ ಮಾಡೆಲ್ಲೇ ಲೋಡ್ ಆಗದು, ಸಾಲು ಮತ್ತು ಕಾಲಂ ಸಮೇತ ಎರರ್ ಕೊಡುತ್ತದೆ. ಈ ವಿಷಯದಲ್ಲಿ ಅದಕ್ಕೆ ಪೂರ್ತಿ ಅಂಕ.

ಎಕ್ಸ್‌ಟೆಕ್ಸ್ಟ್‌ನ ಇನ್ನೊಂದು ಚಾಳಿ: ಡೂಜನರೇಟ್ (ಕೋಡ್ ಬರೆಯುವ ಮೆಥಡ್) ಪ್ರತಿ ಮಾಡೆಲ್ ಫೈಲಿಗೆ ಒಂದು ಸಲ ಕರೆಯಲ್ಪಡುತ್ತದೆ. ಎಲ್ಲ ಮಾಡೆಲ್‌ಗಳ ಸ್ಟೇಟ್‌ಗಳನ್ನೂ ಸೇರಿಸಿ ಒಂದೇ ಹೆಡರ್ ಫೈಲ್ ಬರೆಯಹೋದರೆ ಕೊನೆಗೆ ಬಂದದ್ದು ಮೊದಲಿನದ್ದನ್ನು ಅಳಿಸಿ ಕೂರುತ್ತದೆ. ಅಂಥ ಫೈಲನ್ನು ಬಿಲ್ಡರ್ ಕೈಗೆ ಕೊಡದೆ ಎಲ್ಲ ಲೋಡ್ ಆದ ಮೇಲೆ ಬೇರೆ ಹೆಜ್ಜೆಯಲ್ಲಿ ಬರೆಯುವುದು ವಾಸಿ.

ಅಕ್ಷರ, ಅಂತರ

ಎಕ್ಸ್‌ಟೆಂಡ್ ಟೆಂಪ್ಲೇಟ್‌ನಲ್ಲಿ ಎಕ್ಸ್‌ಪ್ರೆಶನ್‌ಗಳನ್ನು « » ಚಿಹ್ನೆಗಳ ನಡುವೆ ಬರೆಯಬೇಕು. ಅವು ಆಸ್ಕಿಯಲ್ಲಿ ಇಲ್ಲ. ವಿಂಡೋಸ್‌ನಲ್ಲಿ ಹಳೆಯ ಎಕ್ಲಿಪ್ಸ್ ಫೈಲನ್ನು ಸಿಪಿ1252 ಎಂಬ ಹಳೆಯ ಎನ್‌ಕೋಡಿಂಗ್‌ನಲ್ಲಿ ಉಳಿಸಿ, ಬಿಲ್ಡ್ ಸರ್ವರ್ ಅದನ್ನು ಯುಟಿಎಫ್-8 ಎಂದು ಓದಿದರೆ ಚಿಹ್ನೆ ಕೆಡುತ್ತದೆ. ಒಳ್ಳೆಯ ಟೆಂಪ್ಲೇಟ್ ಮೇಲೆ ಅರ್ಥವಾಗದ ಸಿಂಟ್ಯಾಕ್ಸ್ ಎರರ್‌ಗಳ ರಾಶಿ ಬೀಳುತ್ತದೆ. 2022-06ರ ಎಕ್ಲಿಪ್ಸ್‌ನಿಂದ ಹೊಸ ವರ್ಕ್‌ಸ್ಪೇಸ್‌ಗಳಿಗೆ ಯುಟಿಎಫ್-8 ಡೀಫಾಲ್ಟ್, ಜಾವಾ 18ರಿಂದ ಜಾವಾಕ್ಕೂ ಅದೇ ಡೀಫಾಲ್ಟ್. ಹಳೆಯದರಲ್ಲಿ ಇರುವವರು ಎರಡೂ ಕಡೆ ಬಾಯಿಬಿಟ್ಟು ಹೇಳಿಬಿಡಿ.

ಆದರೆ ಇಂಡೆಂಟೇಷನ್ ವಿಷಯದಲ್ಲಿ ಎಕ್ಸ್‌ಟೆಂಡ್‌ಗೆ ಸಾಟಿಯಿಲ್ಲ. ಟೆಂಪ್ಲೇಟ್‌ನ ಲೂಪ್‌ಗಾಗಿ ಬಿಟ್ಟ ಅಂತರ ಯಾವುದು, ಔಟ್‌ಪುಟ್‌ಗೆ ಬೇಕಾದ ಅಂತರ ಯಾವುದು ಎಂದು ಅದೇ ಬೇರ್ಪಡಿಸುತ್ತದೆ. ಜಿಂಜಾ2ದಲ್ಲಿ ಟ್ರಿಮ್ ಬ್ಲಾಕ್ಸ್, ಎಲ್‌ಸ್ಟ್ರಿಪ್ ಬ್ಲಾಕ್ಸ್ ಎರಡನ್ನೂ ಕೈಯಾರೆ ಆನ್ ಮಾಡದಿದ್ದರೆ ಕೋಡ್ ತುಂಬ ಖಾಲಿ ಸಾಲುಗಳು. ಲ್ಯಾಂಗಿಯಂ ನಡುವೆ ಎಲ್ಲೋ ಬರುತ್ತದೆ.

ಎಂಪಿಎಸ್ ಏಕೆ ಬಿಟ್ಟೆ

'ಈ ಸಾಲು ಎಲ್ಲಿಂದ ಬಂತು' ಎಂಬ ಪ್ರಶ್ನೆಗೆ ಅತಿ ಸೊಗಸಾದ ಉತ್ತರ ಇರುವುದು ಎಂಪಿಎಸ್‌ನಲ್ಲೇ. ಅಲ್ಲಿ ಮಾಡೆಲ್ ಹಂತಹಂತವಾಗಿ ಇನ್ನೊಂದು ಮಾಡೆಲ್ ಆಗಿ ಬದಲಾಗುತ್ತ ಕೊನೆಗೆ ಪಠ್ಯವಾಗುತ್ತದೆ. ಟ್ರಾನ್ಸಿಯೆಂಟ್ ಮಾಡೆಲ್‌ಗಳನ್ನು ಉಳಿಸುವ ಆಯ್ಕೆ ಒತ್ತಿದರೆ ನಡುವಿನ ಪ್ರತಿ ಹಂತವನ್ನೂ ತೆರೆದು ನೋಡಬಹುದು, ಯಾವ ನಿಯಮ ಯಾವ ನೋಡ್‌ಗೆ ತಗುಲಿತು ಎಂದು ಹಿಂದಕ್ಕೆ ಹೋಗಬಹುದು. ಯಾವ ನಿಯಮವೂ ತಗುಲದ ನೋಡ್ ಹಾಗೆಯೇ ಕೊನೆಯವರೆಗೆ ಉಳಿದರೆ ಟೆಕ್ಸ್ಟ್‌ಜೆನ್ (ನೋಡನ್ನು ಪಠ್ಯವಾಗಿಸುವ ನಿಯಮ) ಸಿಗಲಿಲ್ಲ ಎಂಬ ಸಂದೇಶ ಔಟ್‌ಪುಟ್ ಒಳಗೇ ಬಂದು ಕೂರುತ್ತದೆ. ಆಗ ಹೆಚ್ಚಾಗಿ ನಿಯಮದ ಷರತ್ತು ತಪ್ಪಿರುತ್ತದೆ, ಇಲ್ಲವೇ ಆ ಭಾಷೆಯ ಜನರೇಟರ್ ಈ ಮಾಡೆಲ್‌ಗೆ ಜೋಡಣೆಯೇ ಆಗಿರುವುದಿಲ್ಲ.

ನನಗೆ ಒಗ್ಗದ್ದು ಅದರ ಸುತ್ತಲಿನ ಬದುಕು. ಮಾಡೆಲ್ ಡಿಸ್ಕ್ ಮೇಲೆ ಎಕ್ಸ್‌ಎಂಎಲ್ ಆಗಿ ಕೂತಿರುತ್ತದೆ. ಗಿಟ್‌ನಲ್ಲಿ ಡಿಫ್ ನೋಡಬೇಕೆಂದರೂ ಎಂಪಿಎಸ್ ತೆರೆಯಬೇಕು. ನಾನು ಟರ್ಮಿನಲ್‌ನಲ್ಲೇ ದಿನ ಕಳೆಯುವವನು, ಬಿಲ್ಡ್ ಸರ್ವರ್‌ನಲ್ಲಿ ಇಡೀ ಐಡಿಇ ಎಬ್ಬಿಸಿ ಕೂರಿಸುವುದು ನನ್ನ ಜಾಯಮಾನಕ್ಕೆ ಆಗಿಬರದು. ದೊಡ್ಡ ತಂಡ, ಕೋಷ್ಟಕ ಮತ್ತು ಗಣಿತ ಸಂಕೇತ ಬೆರೆತ ಭಾಷೆ, ಕಲಿಸಲು ಪುರಸೊತ್ತು ಇರುವವರಿಗೆ ಲೆಕ್ಕವೇ ಬೇರೆ.

ಡಿಬಗ್ಗರ್ ಬಗ್ಗೆ ಒಂದೇ ಮಾತು: ಲ್ಯಾಂಗಿಯಂ ಜನರೇಟರ್ ಎಂದರೆ ಸಾದಾ ನೋಡ್.ಜೆಎಸ್ ಪ್ರೋಗ್ರಾಂ, ಬ್ರೇಕ್‌ಪಾಯಿಂಟ್ ಹಾಕಿದ ಕಡೆ ನಿಲ್ಲುತ್ತದೆ. ಜಿಂಜಾ2 ಟೆಂಪ್ಲೇಟ್ ಒಳಗೆ ಅಷ್ಟು ಸಲೀಸಾಗಿ ನಿಲ್ಲಿಸಲಾಗದು.

ಹಾಗಾದರೆ

ಜನರೇಟ್ ಆದ ಕೋಡನ್ನೂ ನಾನು ಗಿಟ್‌ಗೆ ಹಾಕುತ್ತೇನೆ. ಟೆಂಪ್ಲೇಟ್‌ನಲ್ಲಿ ಒಂದು ಅಕ್ಷರ ಬದಲಾದರೂ ಔಟ್‌ಪುಟ್‌ನ ಡಿಫ್ ಕಣ್ಣಿಗೆ ಬೀಳಬೇಕು. ಈ ಅಭ್ಯಾಸ, ಟೈಪ್‌ಸ್ಕ್ರಿಪ್ಟ್ ಬಲ್ಲ ಸಣ್ಣ ತಂಡ, ವಿಎಸ್ ಕೋಡ್ ಬಿಟ್ಟು ಬೇರೆ ಎಡಿಟರ್ ಬೇಡವೆನ್ನುವ ಬಳಕೆದಾರರು, ಇಷ್ಟಕ್ಕೆ ಲ್ಯಾಂಗಿಯಂ ಸರಿಹೊಂದಿತು. ದೊಡ್ಡ ಆವೃತ್ತಿ ಬದಲಾದಾಗ ಇಂಪೋರ್ಟ್ ದಾರಿಗಳೇ ಬದಲಾಗುತ್ತವೆ, 3.0ರಲ್ಲಿ ಎಲ್‌ಎಸ್‌ಪಿ (ಎಡಿಟರ್ ಜೊತೆ ಮಾತಾಡುವ ಪ್ರೋಟೋಕಾಲ್) ಭಾಗ ಬೇರೆ ಆದದ್ದು ಹಾಗೆ. ಅದಕ್ಕೆ ಸ್ವಲ್ಪ ಸಮಯ ಎತ್ತಿಟ್ಟುಕೊಳ್ಳಿ. ಒಬ್ಬರೇ ಕೂತು, ಎಡಿಟರ್ ಗೊಡವೆಯಿಲ್ಲದೆ, ಬೇಗ ಏನಾದರೂ ಜನರೇಟ್ ಮಾಡಬೇಕಿದ್ದರೆ ಟೆಕ್ಸ್ಟ್‌ಎಕ್ಸ್ ಸಾಕು.

ಎಕ್ಸ್‌ಟೆಕ್ಸ್ಟ್‌ನಲ್ಲಿ ಈಗಾಗಲೇ ದೊಡ್ಡ ಭಾಷೆ ಇರುವವರು ಇದನ್ನೋದಿ ಎದ್ದು ಹೊರಡಬೇಕಾಗಿಲ್ಲ. ಮೇನ್ ಕ್ಲಾಸ್‌ನಲ್ಲಿ ಎರರ್‌ಗಳನ್ನು ಮಾತ್ರ ಸೋಸಿ, ಇದ್ದರೆ ಎಕ್ಸಿಟ್ ಕೋಡ್ 1 ಕೊಡಿ. ಬಿಲ್ಡ್ ಶುರುವಾಗುವ ಮೊದಲು ಜನರೇಟ್ ಆದ ಕೋಡ್ ಇರುವ src-gen ಫೋಲ್ಡರ್ ಖಾಲಿ ಮಾಡಿ. ಐಚ್ಛಿಕ ಸಂಖ್ಯೆಗಳನ್ನು ಇಇಂಟೀಜರ್‌ಆಬ್ಜೆಕ್ಟ್‌ಗೆ ಬದಲಿಸಿ. ಮೂರನೆಯದನ್ನು ಮಾಡಿದ ಮೇಲೆ ಹಳೆಯ ಮಾಡೆಲ್‌ಗಳನ್ನೆಲ್ಲ ಮತ್ತೆ ಜನರೇಟ್ ಮಾಡಿ ಡಿಫ್ ನೋಡಿ: ಎಲ್ಲೆಲ್ಲಿ 0 ಹೋಗಿ ಖಾಲಿ ಬಂದಿದೆಯೋ ಅಲ್ಲೆಲ್ಲ ಮಾಡೆಲ್ ಬರೆದವರನ್ನು ಒಮ್ಮೆ ಕೇಳಲೇಬೇಕು.