ಆಸ್ಪೈರ್ ನಾಟಿಲಸ್ ಮಿನಿ: ಬಿಚ್ಚಿ ತೊಳೆಯಬಲ್ಲ ಟ್ಯಾಂಕ್

ಒಮ್ಮೆ ಬಳಸಿ ಎಸೆಯುವ ಇ-ಸಿಗರೇಟುಗಳ ಮಾರಾಟವನ್ನು ಬ್ರಿಟನ್ 2025ರ ಜೂನ್ 1ರಿಂದ ನಿಷೇಧಿಸಿರುವುದರಿಂದ, ಅಲ್ಲಿನ ಬಳಕೆದಾರರಿಗೆ ದ್ರವ ಮರುತುಂಬುವ ಟ್ಯಾಂಕಿನ ನಿರ್ವಹಣೆ ತಿಳಿದಿರಬೇಕಾಗಿದೆ. ಆಸ್ಪೈರ್ ಕಂಪನಿಯ ನಾಟಿಲಸ್ ಮಿನಿ ಇಂಥದೊಂದು ಇ-ಸಿಗರೇಟ್ ಟ್ಯಾಂಕ್; 2 ಮಿಲಿಲೀಟರ್ ದ್ರವ ಹಿಡಿಯುವ ಇದು ಆ ದೇಶದ ಕಾನೂನಿನ ಮಿತಿಯೊಳಗೇ ಇದೆ. ಭಾರತದಲ್ಲಾದರೋ 2019ರ ಕಾಯಿದೆಯು ಇ-ಸಿಗರೇಟುಗಳ ಆಮದು, ಮಾರಾಟ ಎರಡನ್ನೂ ನಿಷೇಧಿಸಿರುವುದರಿಂದ, ಊರಿಗೆ ಬರುವವರು ಇದನ್ನು ಅಲ್ಲಿಯೇ ಬಿಟ್ಟು ಬರುವುದು ಲೇಸು.

ಈ ಟ್ಯಾಂಕಿನ ದೊಡ್ಡ ಗುಣವೆಂದರೆ ತಳ, ಕಾಯಿಲ್ (ದ್ರವವನ್ನು ಕಾಯಿಸಿ ಆವಿಯಾಗಿಸುವ ತಂತಿಸುರುಳಿ), ಗಾಜಿನ ಕೊಳವೆ, ಬಾಯಿತುದಿ ಎಲ್ಲವೂ ಉಪಕರಣದ ಹಂಗಿಲ್ಲದೆ ಬಿಚ್ಚಿಕೊಳ್ಳುತ್ತವೆ. ಕಾಯಿಲನ್ನು ತೆಗೆದಿಟ್ಟು, ಉಳಿದ ಭಾಗಗಳನ್ನು ಉಗುರುಬೆಚ್ಚಗಿನ ನೀರಿನಲ್ಲಿ ಒಂದು ಹನಿ ಪಾತ್ರೆ ತೊಳೆಯುವ ಸಾಬೂನು ಬೆರೆಸಿ ತೊಳೆದು, ಪೂರ್ಣ ಒಣಗಿಸಿದರೆ ಹಳೆಯ ರುಚಿಯ ವಾಸನೆ ಬಹುಮಟ್ಟಿಗೆ ಹೋಗುತ್ತದೆ. ಕಾಯಿಲನ್ನು ತೊಳೆಯುವುದು ಮಾತ್ರ ವ್ಯರ್ಥ ಶ್ರಮವೆಂದೇ ನನ್ನ ಅಭಿಪ್ರಾಯ. ಸಿಹಿ ದ್ರವ ತಂತಿಯ ಮೇಲೆ ಕರಕಲಾಗಿ, ಒಳಗಿನ ಹತ್ತಿಯೂ ಸುಟ್ಟ ಮೇಲೆ ಹೊಸದನ್ನು ಹಾಕುವುದೇ ದಾರಿ. ಹೊಸ ಕಾಯಿಲಿನ ಹತ್ತಿ ನೆನೆಯಲು ಹತ್ತು ನಿಮಿಷ ಬಿಡಬೇಕು.

ದ್ರವ ಸೋರಿದಾಗ ಮೊದಲು ನೋಡಬೇಕಾದದ್ದು ರಬ್ಬರ್ ಉಂಗುರಗಳನ್ನು. ಅವು ಸವೆದಿದ್ದರೆ ಬದಲಿಸಿ, ಒಣಗಿದ್ದರೆ ತುಸು ಗ್ಲಿಸರಿನ್ ಸವರಬಹುದು. ಅಡುಗೆ ಎಣ್ಣೆ ಸಲ್ಲದು. ತಳದ ಕಡೆಯಿಂದ ತುಂಬಬೇಕಾದ್ದರಿಂದ ನಡುವಿನ ಗಾಳಿಕೊಳವೆಗೆ ಹನಿ ಬೀಳದಂತೆ ನೋಡಿಕೊಳ್ಳುವುದು ಕಿರಿಕಿರಿಯ ಕೆಲಸ. ದ್ರವದಲ್ಲಿನ ನಿಕೋಟಿನ್ ಚರ್ಮದ ಮೂಲಕವೂ ದೇಹ ಸೇರುವುದರಿಂದ ಕೈಗವಸು ಧರಿಸಿ, ಮಕ್ಕಳ ಕೈಗೆಟುಕದ ಕಡೆ ಇದನ್ನೆಲ್ಲ ಮಾಡಬೇಕು.