ರ‍್ಯಾಮ್ 24 ಜಿಬಿ ಆಯ್ತು, ಕಂಪ್ಯೂಟರ್ ಮಾತ್ರ ಮೊದಲಿಗಿಂತ ನಿಧಾನ: ಹೀಗೆ ಹಾಕಿಸಿಕೊಳ್ಳಬೇಡಿ

ಗಂಗಾವತಿಯ ಒಂದು ಫೋಟೋ ಸ್ಟುಡಿಯೋದ ಕಂಪ್ಯೂಟರ್ ಮದುವೆ ಸೀಸನ್ನಿನ ನಡುವೆ ರಿಪೇರಿಗೆ ಬಂತು. ದೂರು ಎರಡು. ರ‍್ಯಾಮ್ ಹೆಚ್ಚಿಸಿದ ಮೇಲೆ ವಿಡಿಯೋ ಎಡಿಟಿಂಗ್ ಮೊದಲಿಗಿಂತ ನಿಧಾನವಾಯಿತು, ಈಗ ಎಕ್ಸ್‌ಪೋರ್ಟ್ ಅರ್ಧ ಆಗುವಷ್ಟರಲ್ಲಿ ನೀಲಿ ಸ್ಕ್ರೀನ್ ಬರುತ್ತದೆ. ದುಡ್ಡು ಕೊಟ್ಟು ಹಾಕಿಸಿದ ರ‍್ಯಾಮೇ ಎರಡಕ್ಕೂ ಕಾರಣ.

ಸಿಸ್ಟಮ್ ಒಳ್ಳೆಯದೇ. ರೈಜೆನ್ 5 5600ಜಿ ಪ್ರೊಸೆಸರ್, ನಾಲ್ಕು ಸ್ಲಾಟಿನ ಬಿ450 ಬೋರ್ಡ್, ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಮಾರುವಾಗ ಅಂಗಡಿಯವರು 16 ಜಿಬಿಯ ಒಂದೇ ಡಿಡಿಆರ್4 3200 ಸ್ಟಿಕ್ (ರ‍್ಯಾಮಿನ ಪಟ್ಟಿ; ಡಿಡಿಆರ್4 ಅದರ ತಲೆಮಾರು, 3200 ಅದರ ವೇಗ) ಹಾಕಿ, "ಮುಂದ ಬೇಕಾದ್ರ ಇನ್ನೊಂದು ಹಾಕ್ಸಬೌದ್ರಿ" ಎಂದಿದ್ದರು. ಎಡವಟ್ಟು ಶುರುವಾದದ್ದು ಅಲ್ಲೇ. ಒಂದು ಸ್ಟಿಕ್ ಅಂದರೆ 64 ಬಿಟ್‌ನ ಒಂದೇ ಚಾನೆಲ್ (ರ‍್ಯಾಮಿಗೂ ಪ್ರೊಸೆಸರ್‌ಗೂ ನಡುವೆ ಡೇಟಾ ಹರಿಯುವ ದಾರಿ); 3200ರಲ್ಲಿ ಸೆಕೆಂಡಿಗೆ ಗರಿಷ್ಠ 25.6 ಜಿಬಿ ಡೇಟಾ ಹರಿಯುತ್ತದೆ. ಅದೇ 16 ಜಿಬಿಯನ್ನು 8 ಜಿಬಿಯ ಎರಡು ಸ್ಟಿಕ್ಕಾಗಿ ಎರಡು ಚಾನೆಲ್‌ಗೆ ಹಾಕಿದ್ದರೆ 51.2 ಜಿಬಿ. 5600ಜಿಯ ಒಳಗಿನ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇರುವುದಿಲ್ಲ, ಅದು ಇದೇ ರ‍್ಯಾಮಿನಲ್ಲಿ ಪಾಲು ಕೇಳುತ್ತದೆ. ಆದ್ದರಿಂದ ಇಂಥ ಸಿಸ್ಟಮ್‌ಗೆ ಒಂಟಿ ಸ್ಟಿಕ್ ಕೊಡುವುದು ಗಿರಾಕಿಗೆ ಮಾಡುವ ಅನ್ಯಾಯ ಎಂದೇ ನಮ್ಮ ಅಭಿಪ್ರಾಯ.

ಆಮೇಲೆ ಆದದ್ದು ಇನ್ನೂ ಕೆಟ್ಟದ್ದು. ಬೇರೆ ಕಂಪನಿಯ 8 ಜಿಬಿ 2666 ಸ್ಟಿಕ್ ತಂದು ಮೊದಲಿನದರ ಪಕ್ಕದ ಸ್ಲಾಟಿಗೇ ಸಿಗಿಸಿದ್ದರು. ಅಕ್ಕಪಕ್ಕದ ಆ ಎ1, ಎ2 ಸ್ಲಾಟುಗಳು ಒಂದೇ ಚಾನೆಲ್‌ಗೆ ಸೇರಿದವು. ವಿಂಡೋಸ್ 24 ಜಿಬಿ ತೋರಿಸಿತು, ಚಾನೆಲ್ ಮಾತ್ರ ಒಂದೇ ಉಳಿಯಿತು. ಬೇರೆ ಬೇರೆ ವೇಗದ ಎರಡು ಸ್ಟಿಕ್ ಸೇರಿದರೆ ಎರಡೂ ನಿಧಾನದ್ದರ ವೇಗಕ್ಕೆ ಇಳಿಯುತ್ತವೆ. ಹಾಗಾಗಿ 25.6 ಇದ್ದದ್ದು 21.3ಕ್ಕೆ ಬಿತ್ತು. ವೇಗ ಕಡಿಮೆ ಎಂದು ದೂರಿದಾಗ, ಕಂಪ್ಯೂಟರ್ ಆನ್ ಆಗುವಾಗ ತೆರೆಯುವ ಮೂಲ ಸೆಟ್ಟಿಂಗ್ ಆದ ಬಯೋಸ್‌ನಲ್ಲಿ ಕೈಯಾರೆ 3200 ಎಂದು ಕೂರಿಸಿ ಕಳಿಸಿದ್ದಾರೆ. 2666ರ ಸ್ಟಿಕ್ ಅದನ್ನು ತಾಳಲಿಲ್ಲ. ನೀಲಿ ಸ್ಕ್ರೀನ್ ಬಂದದ್ದು ಒಂದು ರೀತಿ ಒಳ್ಳೆಯದೇ ಆಯಿತು, ಏಕೆಂದರೆ ತಪ್ಪು ಓದುವ ರ‍್ಯಾಮ್ ಸದ್ದಿಲ್ಲದೆ ಫೈಲುಗಳನ್ನೂ ಕೆಡಿಸುತ್ತದೆ. ಒಬ್ಬರ ಮದುವೆಯ ಫೋಟೋ ಹಾಳಾದರೆ ಮತ್ತೆ ತೆಗೆಯಲು ಬರುತ್ತದೆಯೇ?

ಟಾಸ್ಕ್ ಮ್ಯಾನೇಜರ್ ನೋಡಿ ಸಮಾಧಾನಪಡಬೇಡಿ. ಎಷ್ಟು ಸ್ಲಾಟ್ ತುಂಬಿದೆ, ವೇಗ ಎಷ್ಟು ಎಂಬುದನ್ನು ಅದು ಹೇಳುತ್ತದೆ, ಚಾನೆಲ್ ವಿಷಯ ಹೇಳುವುದಿಲ್ಲ. ಸಿಪಿಯು-ಝಡ್ ಎಂಬ ಉಚಿತ ತಂತ್ರಾಂಶದ ಮೆಮೊರಿ ಟ್ಯಾಬಿನಲ್ಲಿ ಡ್ಯುಯಲ್ ಅಥವಾ 2 x 64-bit ಎಂದಿದೆಯೇ ನೋಡಿ. ಅಲ್ಲಿ ವೇಗ 1600 ಎಂದು ಕಂಡರೆ ಗಾಬರಿ ಬೇಡ, ಡಿಡಿಆರ್‌ನಲ್ಲಿ ಅದರ ದುಪ್ಪಟ್ಟು, ಅಂದರೆ 3200.

ಹಾಕುವ ಕ್ರಮವೂ ಮುಖ್ಯ. ಪ್ಲಗ್ ಕಿತ್ತು, ಪವರ್ ಬಟನ್ ಕೆಲವು ಸೆಕೆಂಡು ಒತ್ತಿ ಉಳಿದ ಕರೆಂಟ್ ಇಳಿಸಿ, ಕ್ಯಾಬಿನೆಟ್‌ನ ಬಣ್ಣವಿಲ್ಲದ ಲೋಹ ಮುಟ್ಟಿ ಕೆಲಸ ಶುರು ಮಾಡಿ. ನಮ್ಮ ಕಡೆಯ ಒಣ ಬೇಸಿಗೆಯಲ್ಲಿ ಇದನ್ನು ಬಿಡಲೇಬಾರದು. ನಾಲ್ಕು ಸ್ಲಾಟಿನ ಬೋರ್ಡಿನಲ್ಲಿ ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎಣಿಸಿದರೆ 2 ಮತ್ತು 4ನೆಯವು ಜೋಡಿ. ಬೋರ್ಡಿನ ಪುಸ್ತಕ ನೋಡಿ ಖಚಿತಪಡಿಸಿಕೊಳ್ಳಿ. ರೈಸ್ ಮಿಲ್ಲಿನ ಹತ್ತಿರದ ಅಂಗಡಿಗಳ ಸಿಸ್ಟಮ್‌ನಲ್ಲಿ ಖಾಲಿ ಸ್ಲಾಟಿನೊಳಗೆ ಹೊಟ್ಟಿನ ಧೂಳು ಮೆತ್ತಿರುತ್ತದೆ. ಊದಿ ತೆಗೆಯದೆ ಸ್ಟಿಕ್ ಕೂರಿಸಿದರೆ ಡಿಸ್ಪ್ಲೇ ಬರದೇ ಹೋಗಬಹುದು. ಕಚ್ಚು ಹೊಂದಿಸಿ ಎರಡೂ ತುದಿ ಒತ್ತಿ, ಕ್ಲಿಕ್ ಎಂದು ಕೂರಬೇಕು. ಆಮೇಲೆ ಬಯೋಸ್‌ನಲ್ಲಿ ಎಕ್ಸ್‌ಎಂಪಿ ಆನ್ ಮಾಡಿ (ಸ್ಟಿಕ್ಕನ್ನು ಅದಕ್ಕೆ ಹೇಳಿದ ಪೂರ್ತಿ ವೇಗದಲ್ಲಿ ಓಡಿಸುವ ಸೆಟ್ಟಿಂಗ್ ಅದು). ಮಾಡದಿದ್ದರೆ ಎಷ್ಟೋ ಸ್ಟಿಕ್‌ಗಳು 2133 ಅಥವಾ 2400ರಲ್ಲೇ ಓಡುತ್ತವೆ. ರಾತ್ರಿ ರ‍್ಯಾಮ್ ಪರೀಕ್ಷಿಸುವ ತಂತ್ರಾಂಶ ಮೆಮ್‌ಟೆಸ್ಟ್86 ಹಾಕಿ ಬಿಡಿ. ಒಂದೇ ಒಂದು ಎರರ್ ಬಂದರೂ ಆ ಸ್ಟಿಕ್ ಬೇಡ.

ಒಂಟಿ ಸ್ಟಿಕ್ ಎಲ್ಲ ಕಡೆಯೂ ತಪ್ಪಲ್ಲ. ಟ್ಯಾಲಿ, ನುಡಿ ಟೈಪಿಂಗ್, ಬ್ರೌಸಿಂಗ್ ಇಷ್ಟೇ ಕೆಲಸವಿದ್ದರೆ ವ್ಯತ್ಯಾಸ ಕಣ್ಣಿಗೆ ಬೀಳುವುದು ಕಡಿಮೆ. ಎಡಿಟಿಂಗ್, ಗೇಮ್, ಅದರಲ್ಲೂ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಸಿಸ್ಟಮ್ ಆದರೆ ಒಂದೇ ಪೊಟ್ಟಣದಲ್ಲಿ ಬರುವ ಜೋಡಿಯನ್ನೇ ಕೊಳ್ಳಿ. 32 ಜಿಬಿ ಬೇಕಾಗಬಹುದು ಅನಿಸಿದರೆ ಈಗಲೇ 16ರ ಜೋಡಿ ತಗೊಳ್ಳಿ. ವರ್ಷ ಬಿಟ್ಟು ಅದೇ ಹೆಸರಿನ ಸ್ಟಿಕ್ ತಂದರೂ ಒಳಗಿನ ಚಿಪ್ ಬದಲಾಗಿರಬಹುದು.

ಬಿಲ್ಲಿನಲ್ಲಿ "16 ಜಿಬಿ ರ‍್ಯಾಮ್" ಎಂದಷ್ಟೇ ಬರೆದರೆ ಒಪ್ಪಬೇಡಿ. ಎಷ್ಟು ಸ್ಟಿಕ್, ಯಾವ ವೇಗ, ಪಾರ್ಟ್ ನಂಬರ್ ಬರೆಸಿ. ಜೋಡಿಯ ಪೊಟ್ಟಣ ಎಸೆಯಬೇಡಿ. ಒಂದು ಕೆಟ್ಟರೂ ವಾರಂಟಿಗೆ ಎರಡನ್ನೂ ಕಳಿಸಿ ಎಂದು ಕೇಳುವ ಕಂಪನಿಗಳಿವೆ.